ಶೀಷೆಯಲ್ಲಿ ಕೆಂಪು ಚಟ್ನಿ

ಅಡುಗೆ ಮಾಡಿದವಳು ತಾನು ಮಾಡಿದ್ದನ್ನು ತಾನೇ ತಿನ್ನುವುದಿಲ್ಲ ಎಂದರೆ ಅಲ್ಲಿ ಏನೋ ಮಸಲತ್ತು ನಡೆದಿದೆ ಎಂದೇ ಲೆಕ್ಕ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರಮ್ಮ ಕಲಿತ ಮೊದಲ ಪಾಠ ಇದು. ಹೋಟೆಲಿಗೆ ಹೋದ ಕೂಡಲೇ ಅವಳು ಪಾತ್ರೆ ನೋಡುತ್ತಿರಲಿಲ್ಲ, ಒಲೆ ನೋಡುತ್ತಿರಲಿಲ್ಲ. ಅಡುಗೆಯವನನ್ನು ಕರೆದು, "ನೀನು ಊಟ ಎಲ್ಲಿ ಮಾಡ್ತೀಯಪ್ಪಾ?" ಎಂದು ಕೇಳುತ್ತಿದ್ದಳು. "ಇಲ್ಲೇ ಅಮ್ಮ" ಎಂದವನ ಅಡುಗೆಮನೆ ಮುಕ್ಕಾಲುಪಾಲು ಸರಿಯಾಗಿರುತ್ತಿತ್ತು. "ಮನೆಯಿಂದ ಡಬ್ಬಿ ತರ್ತೀನಿ" ಎಂದವನ ಉಗ್ರಾಣದಲ್ಲಿ ಇಲಿಗಳು ಸಂಸಾರ ಹೂಡಿರುತ್ತಿದ್ದವು.

ಇಷ್ಟೆಲ್ಲ ಅನುಮಾನ ಪಡುವ ಹೆಂಗಸು ಒಳಗೊಳಗೇ ಎಂಥ ತಿಂಡಿಪೋತಿ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು ಯಾರು ತಾನೇ ನೆಮ್ಮದಿಯಾಗಿ ಊಟ ಮಾಡಿಯಾರು? ಹಿಂದಿನ ಊರಿನಲ್ಲಿ ಹನ್ನೊಂದು ವರ್ಷ ಇದ್ದಳು. ಮದುವೆಗೆ ಕರೆದರೆ ಊಟದ ಸಾಲಿನಲ್ಲಿ ಅವಳ ಎಡಗಡೆಯ ಕುರ್ಚಿಯೂ ಖಾಲಿ, ಬಲಗಡೆಯದೂ ಖಾಲಿ. ಬಡಿಸುವವನ ಸೌಟು ಗಡಿಬಿಡಿಯಲ್ಲಿ ತಟ್ಟೆಗೆ ಬಡಿಯುತ್ತಿತ್ತು. ಪಕ್ಕದ ಮನೆಯಾಕೆ ಒಂದು ದಿನವೂ ಒಂದು ಬಟ್ಟಲು ಸಾರು ಕಳಿಸಿದವಳಲ್ಲ. "ನೀವು ಏನಾದ್ರೂ ತಪ್ಪು ಹಿಡೀತೀರಿ ಅಂತ ಭಯ ಕಣ್ರೀ" ಎಂದು ಮುಖಕ್ಕೇ ಹೇಳಿದ್ದಳು. ತಿನ್ನುವುದೆಂದರೆ ಪ್ರಾಣ, ಜೊತೆಗೆ ಕೂತು ತಿನ್ನುವವರು ಮಾತ್ರ ಒಬ್ಬರೂ ಇಲ್ಲ. ಇಂಥ ಪಾಡು ಶತ್ರುವಿಗೂ ಬೇಡ.

ಹಾಗಾಗಿ ವರ್ಗಾವಣೆಯ ಆದೇಶ ಬಂದಾಗ ಇನ್ಸ್‌ಪೆಕ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಹೊಸ ಊರಿನಲ್ಲಿ ಆಫೀಸಿನ ಹೊಸ್ತಿಲು ದಾಟಿದ ಮೇಲೆ ತಾನು ಯಾರೆಂದು ಯಾರಿಗೂ ಹೇಳಬಾರದು ಎಂದು ನಿಶ್ಚಯಿಸಿಕೊಂಡಳು. ಚಪ್ಪಲಿ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಬಾಗಿಲು ತೆಗೆದರೆ ಹೊಸ ಚರ್ಮದ ವಾಸನೆ, ಕಿಟಕಿ ತೆಗೆದರೆ ದೂರದಲ್ಲಿ ಸಾಲು ಬೆಟ್ಟ. ಮೊದಲ ತಿಂಗಳು ಆ ಬೆಟ್ಟ ನೋಡುತ್ತಾ ಒಬ್ಬಳೇ ಅನ್ನ ತಿಂದಳು. ತಮ್ಮ ಫೋನು ಮಾಡಿ, "ಯಾರಾದ್ರೂ ಪರಿಚಯ ಆದ್ರಾ ಅಕ್ಕ?" ಎಂದು ಕೇಳಿದರೆ, "ಆಗ್ತಾರೆ ಬಿಡೋ" ಎನ್ನುತ್ತಿದ್ದಳು.

ಎರಡನೆಯ ತಿಂಗಳಲ್ಲಿ ಗ್ರಂಥಾಲಯದ ಗೋಡೆಯ ಮೇಲೆ ಒಂದು ಕೈಬರಹದ ಚೀಟಿ ಕಂಡಿತು. "ಭಾನುವಾರ ಬೆಳಿಗ್ಗೆ ಆರಕ್ಕೆ, ಕೊನೆಯ ಬಸ್ ನಿಲ್ದಾಣ. ನಡೆಯಲು ಕಾಲು, ತಿನ್ನಲು ಹೊಟ್ಟೆ ಎರಡೂ ಗಟ್ಟಿ ಇರುವವರು ಬನ್ನಿ. ಬುತ್ತಿ ನಮ್ಮದು. ದುಡ್ಡು ಬೇಡ." ಮೊದಲ ಸಾಲುಗಳನ್ನು ಓದಿ ಅವಳ ಬಾಯಲ್ಲಿ ನೀರೂರಿತು. ಕೊನೆಯ ಸಾಲು ಓದಿ ಹುಬ್ಬು ಗಂಟಿಕ್ಕಿತು. ದುಡ್ಡು ಬೇಡವಂತೆ! ಈ ಕಾಲದಲ್ಲಿ ಪುಕ್ಕಟೆ ಊಟ ಹಾಕುವವರು ಯಾರಪ್ಪಾ? ಆದರೂ ಶನಿವಾರ ಹೋಗಿ ಬೆಟ್ಟ ಹತ್ತುವ ಬೂಟು ಕೊಂಡುತಂದಳು. ಕೆಳಗಿನ ಅಂಗಡಿಯಲ್ಲೇ ಸಿಕ್ಕಿತು.

ಗುಂಪು ಎಂದರೆ ಮೂರೇ ಜನ. ಮುಂದಾಳು ಒಬ್ಬ ಬೀಗ ರಿಪೇರಿಯವನು, ಅರವತ್ತು ದಾಟಿದ್ದರೂ ಕಾಲು ಮೇಕೆಯದು. ಅವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಎರಡನೆಯವರು ಹಲ್ಲಿನ ಡಾಕ್ಟರು, ದುಂಡಗೆ, ಹತ್ತು ಹೆಜ್ಜೆಗೊಮ್ಮೆ "ಅಯ್ಯೋ" ಎನ್ನುವವರು. ಮೂರನೆಯವಳು ಹೊಲಿಗೆಯಕ್ಕ. ಐವತ್ತೈದರ ಆಸುಪಾಸು, ಬಟ್ಟೆ ಹೊಲಿಯುವ ಕಸುಬು, ಅಂಗಿಯ ಕೊರಳಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ. ಎಲ್ಲರಿಗಿಂತ ದೊಡ್ಡ ಚೀಲ ಅವಳ ಬೆನ್ನ ಮೇಲಿತ್ತು. ಬುತ್ತಿ ಅದರಲ್ಲೇ.

"ನೀವು ಏನ್ ಕೆಲಸದಲ್ಲಿದ್ದೀರಿ?" ಎಂದು ಬೀಗದಣ್ಣ ಕೇಳಿದ.

"ಆಫೀಸಲ್ಲಿ. ಕಾಗದ ಗೀಗದ ನೋಡೋದು" ಎಂದು ಇನ್ಸ್‌ಪೆಕ್ಟರಮ್ಮ ಅರ್ಧ ಸುಳ್ಳು ಹೇಳಿದಳು. ಅವತ್ತಿನಿಂದ ಗಂಡಸರಿಬ್ಬರಿಗೆ ಅವಳು ಕಾಗದದಕ್ಕ, ಹೊಲಿಗೆಯಕ್ಕನಿಗೆ ಕಾಗದದವಳು.

ಆ ದಿನ ಇಟ್ಟಿಗೆ ಗೂಡುಗಳ ಹಿಂದಿನಿಂದ ಹೋಗಿ, ದಪ್ಪ ನೀರಿನ ಪೈಪಿನ ಮೇಲೆ ಸರ್ಕಸ್ಸಿನವರ ಹಾಗೆ ನಡೆದು, ತೊರೆ ದಾಟಿದರು. ಇನ್ಸ್‌ಪೆಕ್ಟರಮ್ಮ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ, ಹೊಸ ಬೂಟಿನ ತುಂಬ ನೀರು ತುಂಬಿಕೊಂಡಳು. ಆಮೇಲೆ ಕೆಲಸ ನಿಲ್ಲಿಸಿದ್ದ ಕಲ್ಲುಗಣಿಯಲ್ಲಿ ಹಗ್ಗ ಹಿಡಿದು ಬಂಡೆ ಹತ್ತಿದ್ದಾಯಿತು. ಮೇಲೆ ನಿಂತಾಗ ಎದೆ ನಗಾರಿ ಬಾರಿಸುತ್ತಿತ್ತು. ಕೆಳಗೆ ಊರಿಗೆ ಊರೇ ಹರಡಿಕೊಂಡಿತ್ತು. ಅದರಲ್ಲಿ ತನ್ನ ಚಪ್ಪಲಿ ಅಂಗಡಿಯ ಹಸಿರು ಬೋರ್ಡನ್ನು ಅವಳು ಹುಡುಕಿದಳು, ಸಿಕ್ಕಿದ ಮೇಲೆ ಮಗುವಿನ ಹಾಗೆ ಖುಷಿಪಟ್ಟಳು.

ಹೊಲಿಗೆಯಕ್ಕ ಚೀಲ ಬಿಚ್ಚಿದಳು. ಆಲೂಗಡ್ಡೆ ತುಂಬಿದ ರೊಟ್ಟಿ ಸುರುಳಿಗಳು, ಅಚ್ಚ ಹಳದಿ. ಬೇಯಿಸಿದ ಕಾಳು, ಅಚ್ಚ ಹಸಿರು. ಒಂದು ಡಬ್ಬಿ ತುಂಬ ಚಟ್ನಿ, ಎಷ್ಟು ಕೆಂಪೆಂದರೆ ನೋಡಿದವರ ಕಣ್ಣು ಕೋರೈಸಬೇಕು. ಇನ್ಸ್‌ಪೆಕ್ಟರಮ್ಮನ ಹೊಟ್ಟೆ ಚುರುಗುಟ್ಟಿತು, ಜೊತೆಗೆ ತಲೆಯಲ್ಲಿ ಗಂಟೆ ಬಾರಿಸಿತು. ಇಷ್ಟು ಕೆಂಪು ಯಾವ ಮೆಣಸಿನಕಾಯಿಗೂ ಬರುವುದಿಲ್ಲ. ಬಣ್ಣ ಹಾಕಿದರೆ ಮಾತ್ರ ಬರುತ್ತದೆ.

"ನೀವು ತಿನ್ನಲ್ವಾ ಅಕ್ಕ?" ಎಂದು ಕೇಳಿದಳು.

"ನಂದು ಮನೇಲೇ ಆಯ್ತು" ಎಂದಳು ಹೊಲಿಗೆಯಕ್ಕ. ಎಂದವಳು ಎದುರಿನ ಕಲ್ಲಿನ ಮೇಲೆ ಕೂತು, ತಿನ್ನುವವರ ಮುಖವನ್ನು ಒಂದೊಂದಾಗಿ ನೋಡತೊಡಗಿದಳು. ಅದು ಸುಮ್ಮನೆ ನೋಡುವ ನೋಟವಲ್ಲ. ಬಟ್ಟೆಗೆ ಅಳತೆ ತೆಗೆಯುವ ಹಾಗೆ ಹಣೆ, ಹುಬ್ಬು, ತುಟಿ ಎಲ್ಲವನ್ನೂ ಅಳೆದಳು.

ಇನ್ಸ್‌ಪೆಕ್ಟರಮ್ಮನ ಮುಖದಲ್ಲಿ ಅಳೆಯಲು ಏನೂ ಸಿಗುವಂತಿರಲಿಲ್ಲ. ರುಚಿ ನೋಡುವಾಗ ಮುಖ ಕಲ್ಲಾಗಿರಬೇಕು, ಎದುರಿಗಿರುವ ಮಾಲೀಕನಿಗೆ ಏನೂ ತಿಳಿಯಬಾರದು: ನೌಕರಿಗೆ ಸೇರಿದ ವರ್ಷ ಮೇಲಧಿಕಾರಿ ಕನ್ನಡಿ ಕೊಟ್ಟು ಅಭ್ಯಾಸ ಮಾಡಿಸಿದ್ದರು. ಈಗ ಬೇಕೆಂದರೂ ಆ ಮುಖ ಸಡಿಲವಾಗುತ್ತಿರಲಿಲ್ಲ. ಅವತ್ತಿನ ರೊಟ್ಟಿ ಸುರುಳಿ ತುಸು ಉಪ್ಪುಪ್ಪಾದರೂ ಬಿಸಿಲು, ಗಾಳಿ, ಹಸಿವು ಎಲ್ಲ ಸೇರಿ ಸ್ವರ್ಗದ ಹಾಗಿತ್ತು. ಅಕ್ಕಪಕ್ಕ ಮನುಷ್ಯರು ಕೂತು ಕಚಕಚ ಅಗಿಯುತ್ತಿದ್ದರು. ಎಷ್ಟು ವರ್ಷವಾಗಿತ್ತು! ಅವಳಿಗೆ ಅಳುವೇ ಬಂದಂತಾಯಿತು. ಮುಖ ಮಾತ್ರ ಕಲ್ಲು.

ಮನೆಗೆ ಬಂದು ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತ ಮೇಲೆ, ಕಾಲಿನ ನೋವು ಇಳಿಯಿತು, ಅನುಮಾನ ಏರಿತು. ಆ ಹೆಂಗಸು ಯಾಕೆ ತಿನ್ನಲಿಲ್ಲ?

ಎರಡನೆಯ ಭಾನುವಾರ ಕೆರೆಯ ಜೊಂಡಿನ ನಡುವೆ ಮುರುಕು ದೋಣಿಯಲ್ಲಿ ಹೋಗಿ, ನಡುಗಡ್ಡೆಯಲ್ಲಿ ಊಟ. ಹೊಲಿಗೆಯಕ್ಕ, "ಇವತ್ತು ಹಲ್ಲುನೋವು, ತಿನ್ನೋಕಾಗಲ್ಲ" ಎಂದಳು. ಪಕ್ಕದಲ್ಲೇ ಹಲ್ಲಿನ ಡಾಕ್ಟರು ಕೂತಿದ್ದರು. ಯಾವ ಹಲ್ಲು, ಏನು, ಎತ್ತ ಎಂದು ಒಂದು ಮಾತು ಕೇಳಬೇಡವೇ ಆ ಮನುಷ್ಯ? ತಲೆ ತಗ್ಗಿಸಿಕೊಂಡು ಕಾಳು ಆರಿಸುತ್ತಿದ್ದರು. ಅಷ್ಟೇ ಅಲ್ಲ, ಚಟ್ನಿ ಇನ್ನೂ ಬೆರಳ ತುದಿಯಲ್ಲಿತ್ತು, ನಾಲಿಗೆಗೆ ಮುಟ್ಟಿರಲಿಲ್ಲ, ಆಗಲೇ "ಅಬ್ಬಬ್ಬಾ, ಏನು ರುಚಿ!" ಎಂದುಬಿಟ್ಟರು. ತಿನ್ನುವ ಮೊದಲೇ ಹೊಗಳುವವನು ಒಂದೋ ಸಾಲಗಾರ, ಇಲ್ಲಾ ಪಾಲುದಾರ. ಇನ್ಸ್‌ಪೆಕ್ಟರಮ್ಮ ಇಬ್ಬರನ್ನೂ ಮನಸ್ಸಿನ ಕಡತಕ್ಕೆ ಸೇರಿಸಿದಳು.

ಮೂರನೆಯ ಭಾನುವಾರ ಹಾಳುಬಿದ್ದ ರೈಲು ಸುರಂಗ. ಬೂಟಿನ ದಾರ ಬಿಚ್ಚಿಕೊಂಡು ಅವಳು ಹಿಂದೆ ಉಳಿದಳು. ಹೊಲಿಗೆಯಕ್ಕ ಆಗಲೇ ಸುರಂಗದಾಚೆ ತಲುಪಿದ್ದಳು. ನಡುವೆ ಇದ್ದ ಗಂಡಸರಿಬ್ಬರ ಪಿಸುಮಾತು ಸುರಂಗದ ಗೋಡೆಗೆ ಬಡಿದು ನೇರವಾಗಿ ಅವಳ ಕಿವಿಗೇ ಬಂತು.

"ಕಾಗದದಕ್ಕಂಗೆ ಗೊತ್ತಾಗಿಲ್ಲ ತಾನೇ?" ಇದು ಡಾಕ್ಟರು.

"ಗೊತ್ತಾದ ಹಾಗಿಲ್ಲ. ಸುಮ್ನೆ ತಿಂತಾರೆ, ತುಟಿ ಎರಡು ಮಾಡಲ್ಲ." ಇದು ಬೀಗದಣ್ಣ.

"ಯಾವತ್ತಾದ್ರೂ ಬಾಯಿಬಿಟ್ಟರೆ ಎಲ್ಲ ಕೆಟ್ಟುಹೋಗುತ್ತೆ. ಮೊದಲೇ ಹೇಳಿಬಿಡೋಣ್ವಾ?"

"ಬೇಡ ಬೇಡ. ಹೊಸಬರು. ಹೇಗೆ ನಂಬೋದು?"

ಇನ್ಸ್‌ಪೆಕ್ಟರಮ್ಮನ ಕೈಯಲ್ಲಿದ್ದ ದಾರ ಗಂಟಾಯಿತು. ಅವತ್ತಿನಿಂದ ಅವಳ ಮನಸ್ಸು ನೆಟ್ಟಗೆ ನಿಲ್ಲಲಿಲ್ಲ. ಊರಿನ ದೊಡ್ಡ ಹೋಟೆಲೊಂದರ ಕಡತ ಅವಳ ಮೇಜಿನ ಮೇಲಿತ್ತು. ಅವರೇ ಈ ಮೂವರನ್ನು ಬಿಟ್ಟಿದ್ದಾರಾ? ತನ್ನ ನೌಕರಿ ಗೊತ್ತಾಗಿ ಏನೋ ಬೆರೆಸಿ ತಿನ್ನಿಸುತ್ತಿದ್ದಾರಾ? ಹಾಗಾದರೆ ಗಂಡಸರಿಬ್ಬರೂ ಅದನ್ನೇ ತಿನ್ನುತ್ತಾರಲ್ಲ? ತನ್ನ ತಟ್ಟೆಗೆ ಮಾತ್ರ ಬೇರೆ ಇರಬಹುದು! ನಾಲ್ಕನೆಯ ಭಾನುವಾರ ಡಾಕ್ಟರ ತಟ್ಟೆಯನ್ನು ತನ್ನ ತಟ್ಟೆಯ ಜೊತೆ ಉಪಾಯವಾಗಿ ಅದಲುಬದಲು ಮಾಡಿದಳು. ರುಚಿ ಅದೇ, ಸಪ್ಪೆ ಸಪ್ಪೆ. ಡಾಕ್ಟರು ಆಗಲೂ "ಅಬ್ಬಬ್ಬಾ" ಎಂದರು.

"ಬಿಟ್ಟುಬಿಡು ಅಕ್ಕ, ಹೋಗಬೇಡ ಅಲ್ಲಿಗೆ" ಎಂದ ಫೋನಿನಲ್ಲಿ ತಮ್ಮ.

"ಬಿಟ್ಟು? ಮತ್ತೆ ಕಿಟಕಿ ಮುಂದೆ ಕೂತು ಒಬ್ಬಳೇ ಅನ್ನ ತಿನ್ನಲಾ?" ಎಂದು ಅವಳು ರೇಗಿದಳು. ರೇಗಿದ್ದು ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಅವರು ಕಳ್ಳರಾಗಿದ್ದರೆ ಹಿಡಿಯಬೇಕು, ಹಿಡಿದರೆ ಭಾನುವಾರ ಹೋಗುತ್ತದೆ. ಇದೊಳ್ಳೆ ಪೀಕಲಾಟ.

ಐದನೆಯ ಭಾನುವಾರ ಮತ್ತೆ ಕಲ್ಲುಗಣಿಯ ಬಂಡೆ. ರೊಟ್ಟಿಗೆ ಕೆಂಪು ಚಟ್ನಿ ಸವರಿಕೊಂಡು ಬಾಯಿಗಿಟ್ಟ ಇನ್ಸ್‌ಪೆಕ್ಟರಮ್ಮನಿಗೆ ಒಂದು ಕ್ಷಣ ಉಸಿರೇ ನಿಂತಿತು. ಸಿಹಿ! ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿದ ಚಟ್ನಿ ಪಾಯಸದ ಹಾಗೆ ಸಿಹಿ, ಉಪ್ಪಿನ ಸುಳಿವೇ ಇಲ್ಲ. ಓರೆಗಣ್ಣಿನಲ್ಲಿ ನೋಡಿದಳು. ಬೀಗದಣ್ಣನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. "ಇವತ್ತು ತುಂಬ ಚೆನ್ನಾಗಿದೆ ಅಕ್ಕ" ಎಂದ. ಡಾಕ್ಟರು ಕಣ್ಣಲ್ಲಿ ನೀರು ತುಂಬಿಕೊಂಡು, "ಇನ್ನೊಂಚೂರು ಹಾಕಿ" ಎಂದು ಮೂರು ಸಲ ಹಾಕಿಸಿಕೊಂಡರು. ಹೊಲಿಗೆಯಕ್ಕ ಎಂದಿನಂತೆ ತಿನ್ನದೆ ಕೂತು ಮುಖಗಳನ್ನು ಅಳೆಯುತ್ತಿದ್ದಳು.

ಇಷ್ಟು ಸಾಕಲ್ಲ? ಸಿಹಿಯನ್ನು ಸುರಿಯುವುದು ಕಹಿಯನ್ನು ಮುಚ್ಚಲಿಕ್ಕೆ. ಕೆಟ್ಟ ಎಣ್ಣೆ, ಬೂಸ್ಟು ಹಿಡಿದ ಬೇಳೆ, ಔಷಧಿ, ಏನನ್ನೇ ಆಗಲಿ ಸಕ್ಕರೆ ಮುಚ್ಚುತ್ತದೆ. ಅವಳು ಚೀಲದ ಮರೆಯಲ್ಲಿ ತಟ್ಟೆ ಹಿಡಿದು, ಮೂತ್ರಕ್ಕೆ ಹೋಗುವವಳಂತೆ ಬಂಡೆಯ ಹಿಂದಕ್ಕೆ ಹೋದಳು. ಕುದಿಸಿ ಒಣಗಿಸಿದ ಮಾದರಿ ಶೀಷೆ ಒಂದು ಅವಳ ಚೀಲದ ಮೂಲೆಯಲ್ಲಿ ಯಾವಾಗಲೂ ಇರುತ್ತಿತ್ತು. ಸಂಶಯ ಬಂದ ಅಡುಗೆಯ ಮಾದರಿಯನ್ನು ಅದರಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ಅವಳ ದಿನನಿತ್ಯದ ಕೆಲಸ. ತಟ್ಟೆಯ ಚಟ್ನಿಯನ್ನು ಬೆರಳಿನಿಂದ ಬಳಿದು ಶೀಷೆಗೆ ತುಂಬಿ, ಮುಚ್ಚಳ ಬಿಗಿದು, ತಿರುಗಿ ನೋಡಿದರೆ ಹೊಲಿಗೆಯಕ್ಕ!

ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತಿದ್ದಳು. ಶೀಷೆ ನೋಡಿದಳು, ಇನ್ಸ್‌ಪೆಕ್ಟರಮ್ಮನ ಕೆಂಪಾದ ಬೆರಳು ನೋಡಿದಳು. ತುಟಿಯ ಕೊನೆಯಲ್ಲಿ ಒಂದು ನಗು ಬಂತು. ಹಾಗೆಯೇ ಹಿಂತಿರುಗಿ ಹೋದಳು.

ಆ ನಗು ನೆನೆದು ಇನ್ಸ್‌ಪೆಕ್ಟರಮ್ಮನಿಗೆ ಇಳಿಯುವ ದಾರಿಯುದ್ದಕ್ಕೂ ಬೆನ್ನು ತಣ್ಣಗಾಗುತ್ತಿತ್ತು. ತನ್ನ ಕಳ್ಳತನ ಸಿಕ್ಕಿಬಿದ್ದರೂ ಆ ಹೆಂಗಸು ನಗುತ್ತಾಳೆ ಎಂದರೆ ಎಂಥ ಗಟ್ಟಿಗಿತ್ತಿ ಇರಬೇಕು! ಮಧ್ಯಾಹ್ನವಿಡೀ ಗಳಿಗೆಗೊಮ್ಮೆ ತನ್ನ ನಾಡಿ ತಾನೇ ಹಿಡಿದು ನೋಡಿಕೊಂಡಳು, ನಾಲಿಗೆ ಚಾಚಿ ಕನ್ನಡಿಯಲ್ಲಿ ನೋಡಿದಳು. ಏನೂ ಆಗಲಿಲ್ಲ. ಸೊಗಸಾದ ನಿದ್ದೆ ಬಂತು, ಅಷ್ಟೆ.

ಸೋಮವಾರ ಪ್ರಯೋಗಾಲಯದ ಕನ್ನಡಕದವನು, "ಯಾವ ಹೋಟೆಲ್ದು ಮೇಡಂ?" ಎಂದು ಕೇಳಿದ. "ಬೆಟ್ಟದ್ದು" ಎಂದಳು. ಶುಕ್ರವಾರ ವರದಿ ಬಂತು. ಕೃತಕ ಬಣ್ಣ ಇಲ್ಲ, ಕೆಂಪು ಬೀಟ್‌ರೂಟಿನದು. ವಿಷ ಇಲ್ಲ. ಹಳಸಿದ್ದು, ಕೊಳೆತದ್ದು ಏನೂ ಇಲ್ಲ. ಸೇರಿಸಿದ ಉಪ್ಪು ಇಲ್ಲ. ಸಕ್ಕರೆ ಅತಿಯಾಗಿದೆ. ಕೆಳಗೆ ಅವನು ಕೈಯಲ್ಲಿ ಬರೆದಿದ್ದ: "ಶುದ್ಧವಾಗಿದೆ. ತಿನ್ನಲು ಮಾತ್ರ ಆಗುವುದಿಲ್ಲ."

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವಳು ಬಿಡುವ ಪೈಕಿಯೇ? ಏನೂ ಸಿಗಲಿಲ್ಲ ಎಂದರೆ ಚೆನ್ನಾಗಿ ಬಚ್ಚಿಟ್ಟಿದ್ದಾರೆ ಎಂದು ಅರ್ಥ. ಅಡುಗೆಯ ನಿಜ ಅಡುಗೆಮನೆಯಲ್ಲಿರುತ್ತದೆ. ಶನಿವಾರ ಮಧ್ಯಾಹ್ನ ತನ್ನ ಚೀಲದ ಪಟ್ಟಿಯನ್ನು ತಾನೇ ಕತ್ತರಿಯಿಂದ ಅರ್ಧ ಕತ್ತರಿಸಿ, ಹೊಲಿಸುವ ನೆಪದಲ್ಲಿ ಹೊಲಿಗೆಯಕ್ಕನ ಮನೆಗೆ ಹೋದಳು.

ಹೊಲಿಗೆಯಕ್ಕನಿಗೆ ಆದ ಸಂಭ್ರಮ ನೋಡಬೇಕಿತ್ತು. "ಬಾರೇ ಕಾಗದದವಳೇ, ಬಾ ಬಾ!" ಎಂದು ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ನೆಲಕ್ಕೆ ತಳ್ಳಿದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ಅರ್ಧ ಅಂಗಿಗಳು, ಹಿಂದೆ ಅಡುಗೆಮನೆ. ಚೀಲದ ಪಟ್ಟಿ ನೋಡಿ, "ಇದು ಹರಿದಿದ್ದಲ್ಲ, ಕತ್ತರಿಸಿದ್ದು" ಎಂದಳು. ಇನ್ಸ್‌ಪೆಕ್ಟರಮ್ಮ ಗೋಡೆಯ ಅಂಗಿಗಳನ್ನು ನೋಡುವ ನಟನೆ ಮಾಡಿದಳು. "ಬಸ್ಸಲ್ಲಿ ಯಾರೋ ಕಳ್ಳರಿರಬೇಕು" ಎಂದು ಹೊಲಿಗೆಯಕ್ಕನೇ ಸಮಾಧಾನ ಹೇಳಿ ಯಂತ್ರಕ್ಕೆ ಕೂತಳು.

"ನೀರು ಕುಡೀತೀನಿ ಅಕ್ಕ."

"ಒಳಗೆ ಹೋಗಿ ತಗೋ. ನಿನ್ನದೇ ಮನೆ."

ನಿನ್ನದೇ ಮನೆ ಎಂದದ್ದು ಮುಳ್ಳಿನ ಹಾಗೆ ಚುಚ್ಚಿತು. ಆದರೆ ಕೈ ಅಭ್ಯಾಸದಂತೆ ಕೆಲಸ ಶುರುಮಾಡಿತ್ತು. ಒಲೆ ಚೊಕ್ಕಟ. ಕತ್ತರಿಸುವ ಹಲಗೆ ಚೊಕ್ಕಟ. ಕಪಾಟು ತೆರೆದಳು. ಸಾಲಾಗಿ ಒಂದೇ ಥರದ ಡಬ್ಬಿಗಳು, ಮುಚ್ಚಳಗಳ ಮೇಲೆ ದಪ್ಪಕ್ಷರದ ಚೀಟಿ. ಲೇಬಲ್ಲನ್ನು ಮುಚ್ಚಳಕ್ಕೆ ಅಂಟಿಸಬಾರದು, ಡಬ್ಬಿಯ ಮೈಗೆ ಅಂಟಿಸಬೇಕು ಎಂದು ಅವಳು ಎಷ್ಟು ಹೋಟೆಲುಗಳಿಗೆ ಹೇಳಿದ್ದಳೋ. "ಉಪ್ಪು" ತೆಗೆದು ನಾಲಿಗೆಗಿಟ್ಟಳು. ಸಕ್ಕರೆ. "ಸಕ್ಕರೆ" ತೆಗೆದು ನಾಲಿಗೆಗಿಟ್ಟಳು. ಉಪ್ಪು. ತೊಳೆದಾಗ ಮುಚ್ಚಳ ಅದಲುಬದಲಾಗಿದೆ, ಸರಿ. ಆದರೆ ಒಂದು ವಾರ ಕಳೆದರೂ ಈ ಮನೆಯವಳಿಗೆ ಗೊತ್ತೇ ಆಗಿಲ್ಲವೇ?

ಆಗ ಕಪಾಟಿನ ಬಾಗಿಲ ಒಳಮೈ ಕಂಡಿತು. ಬಟ್ಟೆಯ ಅಳತೆ ಬರೆಯುವ ಕಾಗದಗಳು, ಗುಂಡುಸೂಜಿಯಿಂದ ಚುಚ್ಚಿದ್ದವು. ಅಳತೆಯ ಬದಲು ಹೆಸರಿನ ಮುಂದೆ ಬೇರೇನೋ ಬರೆದಿತ್ತು.

"ಬೀಗದಣ್ಣ: ಎರಡು ಸಲ ನೀರು ಕುಡಿದ. ಉಪ್ಪು ಜಾಸ್ತಿಯಾಯ್ತೇನೋ. ಮುಂದಿನ ಸಲ ಅರ್ಧ ಚಮಚ ಇಳಿಸು."

"ಡಾಕ್ಟರು: ಬಾಯಿಗಿಡೋ ಮೊದಲೇ ಹೊಗಳಿದ. ಇವನನ್ನ ನಂಬಬೇಡ."

"ಕಾಗದದವಳು: ಮುಖ ಗೊತ್ತಾಗಲ್ಲ."

ಮುಂದಿನ ವಾರ: "ಕಾಗದದವಳು: ಮುಖ ಗೊತ್ತಾಗಲ್ಲ. ಹೊಗಳೋದೂ ಇಲ್ಲ. ಸುಳ್ಳು ಹೇಳೋ ಪೈಕಿ ಅಲ್ಲ."

ಕೊನೆಯ ಕಾಗದದಲ್ಲಿ, ಹೋದ ಭಾನುವಾರದ್ದು: "ಕಾಗದದವಳು ಬಂಡೆ ಹಿಂದೆ ಕದ್ದು ಚಟ್ನೀನ ಶೀಷೆಗೆ ತುಂಬ್ಕೊಂಡಳು!! ಮನೆಗೆ ಒಯ್ದಳು!! ಇದೇ ಅಳತೆ. ಇನ್ನು ಬದಲಾಯಿಸಬೇಡ."

ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಬಾಗಿಲಲ್ಲಿ ಹೊಲಿಗೆಯಕ್ಕ ನಿಂತಿದ್ದಳು, ಕೈಯಲ್ಲಿ ಚೀಲ.

"ನೋಡಿಬಿಟ್ಯಾ?" ಎಂದಳು ನಾಚಿಕೆಯಿಂದ. "ಎರಡು ವರ್ಷ ಆಯ್ತು ಕಣೇ. ಒಂದು ಜ್ವರ ಬಂತು, ರುಚಿ, ವಾಸನೆ ಎರಡೂ ಹೋಯ್ತು. ಖಾರ ನಾಲಿಗೆ ಸುಡುತ್ತೆ, ಅಷ್ಟೇ ಗೊತ್ತಾಗೋದು. ಬಾಯಲ್ಲಿ ಹತ್ತಿ ಇಟ್ಕೊಂಡ ಹಾಗೆ. ಅದಕ್ಕೇ ತಿನ್ನೋಕೆ ಮನಸ್ಸಾಗಲ್ಲ. ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ಬೀಟ್‌ರೂಟು, ಅರಿಶಿನ ಹಾಕ್ತೀನಿ. ಇವರಿಬ್ಬರಿಗೂ ಗೊತ್ತು. ಗೊತ್ತಿದ್ದೇ, ಎರಡು ವರ್ಷದಿಂದ ಒಂದು ದಿನವೂ ಚೆನ್ನಾಗಿಲ್ಲ ಅಂದಿಲ್ಲ. ಒಂದೇ ಒಂದು ದಿನ! ಅದು ಸಾಧ್ಯವೇನೇ? ಅವರು ಹೊಗಳ್ತಾ ಹೊಗಳ್ತಾ ನನಗೆ ಅವರ ಮೇಲೇ ಅನುಮಾನ. ಬಿಟ್ಟುಬಿಡೋಣ, ಇನ್ನು ಬುತ್ತಿ ಮಾಡೋದೇ ಬೇಡ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀನು ಆ ಶೀಷೆ..." ಅವಳ ಕಣ್ಣು ಹೊಳೆಯುತ್ತಿತ್ತು. "ಹೇಳೇ, ನಿಜ ಹೇಳು. ಕದ್ದು ಒಯ್ಯೋವಷ್ಟು ಚೆನ್ನಾಗಿತ್ತಾ?"

ಹೌದು ಎಂದರೆ ಮುಗಿಯಿತು. ಒಂದೇ ಮಾತು. ಭಾನುವಾರ ಉಳಿಯುತ್ತದೆ, ಬೆಟ್ಟ ಉಳಿಯುತ್ತದೆ, ನಿನ್ನದೇ ಮನೆ ಎಂದವಳು ಉಳಿಯುತ್ತಾಳೆ. ಇನ್ಸ್‌ಪೆಕ್ಟರಮ್ಮ ಬಾಯಿ ತೆರೆದಳು. ಸುಳ್ಳು ಹೇಳೋ ಪೈಕಿ ಅಲ್ಲ ಎಂದು ಕಪಾಟಿನ ಬಾಗಿಲಲ್ಲಿ ಬರೆದಿತ್ತು. ಚೀಲ ತೆಗೆದುಕೊಂಡು, ವರದಿಯನ್ನು ಹೊರತೆಗೆದು ಅವಳ ಕೈಗಿಟ್ಟಳು.

"ತಿನ್ನೋಕೆ ಒಯ್ದಿದ್ದಲ್ಲ ಅಕ್ಕ. ನಾನು ಆಹಾರ ಇಲಾಖೆ ಇನ್ಸ್‌ಪೆಕ್ಟರ್."

ಹೊಲಿಗೆಯಕ್ಕ ನಿಂತೇ ಓದಿದಳು. ಮೇಲಿನಿಂದ ಕೆಳಗೆ ಓದಿ, ಮತ್ತೆ ಮೇಲಕ್ಕೆ ಹೋದಳು.

"ವಿಷ ಇಲ್ಲ ಅಂತ ಬರೆದಿದೆ. ವಿಷ ಹಾಕಿದ್ದೀನಿ ಅಂದ್ಕೊಂಡಿದ್ಯಾ?"

"ಹೂಂ."

"ಐದು ವಾರ ನನ್ನ ಎದುರಿಗೆ ಕೂತು, ಅದನ್ನೇ ಅಂದ್ಕೊಂಡು ತಿಂದ್ಯಾ?"

ಹೊಲಿಗೆಯಕ್ಕನ ಬೆರಳು ಕಾಗದದ ಮೇಲೆ ಒಂದು ಕಡೆ ನಿಂತಿತು. "ಸಕ್ಕರೆ?"

"ಸಕ್ಕರೆ. ಮುಚ್ಚಳ ಅದಲುಬದಲಾಗಿದೆ."

"ಡಾಕ್ಟರು ಮೂರು ಸಲ ಹಾಕಿಸ್ಕೊಂಡ" ಎಂದಳು ಹೊಲಿಗೆಯಕ್ಕ ಮೆಲ್ಲಗೆ. ಕಪಾಟಿನ ಬಾಗಿಲಿನಿಂದ ಕೊನೆಯ ಕಾಗದವನ್ನು ಕಿತ್ತು ಮುದುಡಿದಳು. "ಪಟ್ಟಿ ಹೊಲಿದಾಗಿದೆ. ಹೋಗು" ಎಂದಳು.

ಮೆಟ್ಟಿಲು ಇಳಿಯುವಾಗ ಇನ್ಸ್‌ಪೆಕ್ಟರಮ್ಮ ಚೀಲದ ಪಟ್ಟಿ ಮುಟ್ಟಿ ನೋಡಿದಳು. ಎರಡು ಸಾಲು ಹೊಲಿಗೆ, ಇನ್ನು ಹತ್ತು ವರ್ಷ ಬಿಚ್ಚುವಂತಿರಲಿಲ್ಲ. ದಾರಿಯಲ್ಲಿ ನಿಂತು ಅತ್ತಳು.

ಭಾನುವಾರ ಹೋಗಬಾರದೆಂದೇ ಇದ್ದಳು. ಐದಕ್ಕೇ ಎಚ್ಚರವಾಯಿತು. ಬಯ್ಯಿಸಿಕೊಂಡಾದರೂ ಬರೋಣ ಎಂದು ಬೂಟು ಕಟ್ಟಿದಳು. ಕೊನೆಯ ಬಸ್ ನಿಲ್ದಾಣದಲ್ಲಿ ಹೊಲಿಗೆಯಕ್ಕ ಇದ್ದಳು, ಬೆನ್ನ ಮೇಲೆ ಅದೇ ದೊಡ್ಡ ಚೀಲ. ಇವಳ ಕಡೆ ತಿರುಗಿಯೂ ನೋಡಲಿಲ್ಲ. ಗಂಡಸರಿಬ್ಬರೂ ಏನೋ ಎಡವಟ್ಟಾಗಿದೆ ಎಂದು ತಿಳಿದು ತೆಪ್ಪಗೆ ನಡೆದರು. ಗಣಿಯ ಹಗ್ಗ ಹಿಡಿದು ಹತ್ತುವಾಗ ಇನ್ಸ್‌ಪೆಕ್ಟರಮ್ಮನ ಕೈ ಜಾರಿತು. ಮೇಲಿನಿಂದ ಯಾರೋ ಮುಂಗೈ ಹಿಡಿದು ಎಳೆದುಕೊಂಡರು. ಹೊಲಿಗೆಯಕ್ಕನೇ. ಎಳೆದುಕೊಂಡು ಕೈ ಬಿಟ್ಟು ಮುಂದೆ ನಡೆದಳು.

ಬುತ್ತಿ ಬಿಚ್ಚಿದರು. ಬೀಗದಣ್ಣನಿಗೆ ತಟ್ಟೆ, ಡಾಕ್ಟರಿಗೆ ತಟ್ಟೆ. ಇನ್ಸ್‌ಪೆಕ್ಟರಮ್ಮನಿಗೆ ತಟ್ಟೆ ಬರಲಿಲ್ಲ. ಮುಗಿಯಿತು ಎಂದುಕೊಂಡಳು. ಆಗ ಅವಳ ಮಡಿಲಿಗೆ ಒಂದು ಪುಟ್ಟ ಶೀಷೆ ಬಿತ್ತು. ಒಳಗೆ ಕೆಂಪು ಚಟ್ನಿ. ಮುಚ್ಚಳದ ಸುತ್ತ ಹೊಲಿಗೆಯ ದಾರದಿಂದ ಮೂರು ಗಂಟು. ಶೀಷೆಯ ಮೈ ಮೇಲೆ, ಮುಚ್ಚಳದ ಮೇಲಲ್ಲ, ಒಂದು ಚೀಟಿ: "ಮಾದರಿ."

"ಇವಳು ಕಾಗದದವಳಲ್ಲ" ಎಂದು ಹೊಲಿಗೆಯಕ್ಕ ಗಂಡಸರಿಗೆ ಹೇಳಿದಳು. "ಊಟದ ಇನ್ಸ್‌ಪೆಕ್ಟರು. ಇನ್ಮೇಲೆ ಇಲ್ಲಿ ಯಾರೂ ಸುಳ್ಳು ಹೇಳೋ ಹಾಗಿಲ್ಲ."

ಡಾಕ್ಟರ ಕೈ ಅರ್ಧದಲ್ಲೇ ನಿಂತಿತು. ಅವರು ತಮಗೇ ಅರಿವಿಲ್ಲದೆ ತಟ್ಟೆ ಎತ್ತಿಕೊಂಡು ಒಂದು ಗೇಣು ಆಚೆ ಸರಿದು ಕೂತರು. ಇನ್ಸ್‌ಪೆಕ್ಟರಮ್ಮನಿಗೆ ಅದು ಹಳೆಯ ಪರಿಚಯ, ಮದುವೆಯ ಖಾಲಿ ಕುರ್ಚಿಯೇ. ಅವಳು ಗಂಟು ಬಿಚ್ಚಿ, ಬೆರಳು ಅದ್ದಿ ನಾಲಿಗೆಗಿಟ್ಟಳು. ಮುಖ ಬೇಡವೆಂದರೂ ಕಲ್ಲಾಗಲು ಹೊರಟಿತು. ಕಷ್ಟಪಟ್ಟು ತಡೆದಳು. ಮೂಗು ಮುದುಡಿತು, ಒಂದು ಹುಬ್ಬು ಏರಿತು.

"ಉಪ್ಪು ಕಡಿಮೆ" ಎಂದಳು.

"ಅಯ್ಯೋ!" ಎಂದರು ಡಾಕ್ಟರು.

ಹೊಲಿಗೆಯಕ್ಕ ಆ ಹುಬ್ಬನ್ನೇ ನೋಡುತ್ತಿದ್ದಳು. ಎರಡು ವರ್ಷದಿಂದ ಅವಳು ಕಾದದ್ದು ಈ ಎರಡು ಪದಗಳಿಗೆ. ಚೀಲದಿಂದ ಉಪ್ಪಿನ ಡಬ್ಬಿ ತೆಗೆದು ಕೊಟ್ಟಳು. "ಎಷ್ಟು ಬೇಕೋ ಹಾಕು. ಅಳತೆ ಹೇಳು, ಬರ್ಕೋತೀನಿ."

ಇನ್ಸ್‌ಪೆಕ್ಟರಮ್ಮ ಚಟ್ನಿಯ ಡಬ್ಬಿಗೆ ಒಂದು ಚಿಟಿಕೆ ಹಾಕಿ ಕಲಸಿ, ನೋಡಿ, ಇನ್ನರ್ಧ ಚಿಟಿಕೆ ಹಾಕಿದಳು. ಮತ್ತೆ ನಾಲಿಗೆಗಿಟ್ಟಾಗ ಅವಳ ಮುಖ ತಾನಾಗಿ ಅರಳಿತು. ಹೊಲಿಗೆಯಕ್ಕ ಎದ್ದು ಬಂದು ಅವಳ ಎಡಗಡೆ ಕೂತಳು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಒಂದು ರೊಟ್ಟಿ ಸುರುಳಿ ತೆಗೆದು ಚಟ್ನಿಯಲ್ಲಿ ಅದ್ದಿ, ಕಚ್ಚಿದಳು.

"ಹೇಳು" ಎಂದಳು. "ನನ್ನ ಬಾಯಲ್ಲಿ ಈಗ ಏನಿದೆ?"

"ಮೊದಲು ಬೆಳ್ಳುಳ್ಳಿ" ಎಂದಳು ಇನ್ಸ್‌ಪೆಕ್ಟರಮ್ಮ, ತಾನೂ ಅಗಿಯುತ್ತಾ. "ಸುಟ್ಟ ಬೆಳ್ಳುಳ್ಳಿ, ಸ್ವಲ್ಪ ಕಂದಿದೆ. ಅದರ ಹಿಂದೆ ಬೀಟ್‌ರೂಟಿನ ತೆಳು ಸಿಹಿ, ಮಣ್ಣಿನ ಘಮ. ಆಮೇಲೆ ನಿಂಬೆ, ಕೆನ್ನೆಯ ಒಳಗಡೆ ಚುರ್ ಅಂತ. ಕೊನೆಗೆ ಆಲೂಗಡ್ಡೆ..."

ಹೊಲಿಗೆಯಕ್ಕ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿಯುತ್ತಿದ್ದಳು. ಕೈ ಎತ್ತಿ ತಡೆದಳು.

"ಅವಸರ ಮಾಡಬೇಡ ಕಣೇ" ಎಂದಳು. "ನಾನಿನ್ನೂ ಬೆಳ್ಳುಳ್ಳೀಲೇ ಇದ್ದೀನಿ."